ಮೇಡೇ ಎನ್ನಲು ಹಿಂಜರಿಯಬೇಡಿ: ಹಾರಾಟದ ನಡುವೆ ಎಮರ್ಜೆನ್ಸಿ ಘೋಷಿಸುವುದು ಹೇಗೆ?

2022ರ ಮೇ 10ರಂದು ಬಹಾಮಾಸ್‌ನಿಂದ ಫ್ಲಾರಿಡಾಕ್ಕೆ ಬರುತ್ತಿದ್ದ ಸೆಸ್ನಾ ಕ್ಯಾರವಾನ್ ವಿಮಾನದ ಪೈಲಟ್ ಆಕಾಶದಲ್ಲೇ ಅಸ್ವಸ್ಥರಾದರು. ಜೊತೆಗಿದ್ದ ಪ್ರಯಾಣಿಕರೊಬ್ಬರು ಕಂಟ್ರೋಲ್ ಹಿಡಿದರು. ಅವರಿಗೆ ವಿಮಾನ ಹಾರಿಸಿ ಗೊತ್ತೇ ಇರಲಿಲ್ಲ. ರೇಡಿಯೋದಲ್ಲಿ ಅವರು ಹೇಳಿದ್ದು ಇಷ್ಟು: ಇಲ್ಲಿ ಪರಿಸ್ಥಿತಿ ಗಂಭೀರವಾಗಿದೆ, ಪೈಲಟ್ ಏನೇನೋ ಮಾತಾಡುತ್ತಿದ್ದಾರೆ, ನನಗೆ ಹಾರಿಸಲು ಬರುವುದಿಲ್ಲ. ಎಲ್ಲಿದ್ದೀರಿ ಎಂದು ಟವರ್‌ನವರು ಕೇಳಿದರು. ಗೊತ್ತಿಲ್ಲ, ಎದುರಿಗೆ ಫ್ಲಾರಿಡಾ ಕರಾವಳಿ ಕಾಣುತ್ತಿದೆ ಎಂದರು. ಸ್ವತಃ ಫ್ಲೈಟ್ ಇನ್‌ಸ್ಟ್ರಕ್ಟರ್ ಆಗಿದ್ದ ಕಂಟ್ರೋಲರ್ ಒಬ್ಬರು ಒಂದೊಂದೇ ಹೆಜ್ಜೆ ಹೇಳಿಕೊಟ್ಟು, ವಿಮಾನವನ್ನು ಪಾಮ್ ಬೀಚ್ ವಿಮಾನ ನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿಸಿದರು. ಪೈಲಟ್ ಕೂಡ ಬದುಕಿದರು.

ಆ ಪ್ರಯಾಣಿಕರಿಗೆ ಮೇಡೇ (ಜೀವಕ್ಕೆ ಅಪಾಯವಿದೆ ಎಂದು ಸಾರುವ ರೇಡಿಯೋ ಕರೆ) ಎನ್ನಬೇಕು ಎಂದು ಹೊಳೆಯಲಿಲ್ಲ. ಆದರೆ ಇದ್ದದ್ದನ್ನು ಇದ್ದ ಹಾಗೆ, ತಡ ಮಾಡದೆ ಹೇಳಿದರು. ಲೈಸೆನ್ಸ್ ಇರುವ ನಮ್ಮಂಥ ಖಾಸಗಿ ಪೈಲಟ್‌ಗಳಿಗೆ ಕಷ್ಟವಾಗುವುದು ಇದೇ. ‘ಇನ್ನೊಂದೈದು ನಿಮಿಷ ನೋಡೋಣ’, ‘ಸುಮ್ನೆ ಎಲ್ಲರಿಗೂ ಯಾಕೆ ತೊಂದರೆ’, ‘ಆಮೇಲೆ ಲೈಸೆನ್ಸ್‌ಗೆ ಏನಾದರೂ ಆದರೆ?’ ಎಂಬ ಯೋಚನೆಗಳಲ್ಲಿ ಅಮೂಲ್ಯವಾದ ನಿಮಿಷಗಳು ಹೋಗುತ್ತವೆ. ಎತ್ತರ ಕಡಿಮೆಯಾಗುತ್ತದೆ, ಇಂಧನ ಕರಗುತ್ತದೆ.

ಅಮೆರಿಕದಲ್ಲಿ ನೆಲೆಸಿ ವಾರಾಂತ್ಯದಲ್ಲಿ ಸಣ್ಣ ವಿಮಾನ ಹಾರಿಸುವ ಕನ್ನಡಿಗರಿದ್ದಾರೆ. ಜಕ್ಕೂರಿನಲ್ಲಿ ಕಲಿತು ಅಲ್ಲಿಗೆ ಹೋಗುವವರೂ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಖ್ಯವಾಗಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಪದ್ಧತಿಯನ್ನೇ ಇಲ್ಲಿ ವಿವರಿಸಿದ್ದೇನೆ. ಮೇಡೇ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಪ್ಯಾನ್ ಪ್ಯಾನ್ ಕರೆ, 121.5 ಎಂಬ ಎಮರ್ಜೆನ್ಸಿ ಫ್ರೀಕ್ವೆನ್ಸಿ ಇವೆಲ್ಲ ಭಾರತದಲ್ಲೂ ಒಂದೇ.

ಮೊದಲು ವಿಮಾನ, ಆಮೇಲೆ ಮಾತು

ಮೊದಲು ವಿಮಾನ ಹಾರಿಸಿ, ನಂತರ ಎಲ್ಲಿಗೆ ಹೋಗಬೇಕೆಂದು ನೋಡಿ, ಕೊನೆಗೆ ಮಾತಾಡಿ. ಪ್ರತಿಯೊಬ್ಬ ಇನ್‌ಸ್ಟ್ರಕ್ಟರ್ ಕಲಿಸುವ ಕ್ರಮ ಇದು. ಎಂಜಿನ್ ನಿಂತಿತು ಅಂದುಕೊಳ್ಳಿ. ಕೈ ಮೈಕ್ ಬಟನ್‌ಗೆ ಹೋಗಬಾರದು. ವಿಮಾನದ ಮೂಗನ್ನು ಸರಿಯಾದ ಕೋನಕ್ಕೆ ತಂದು ಗ್ಲೈಡ್ ವೇಗ (ಎಂಜಿನ್ ಇಲ್ಲದೆ ಹೆಚ್ಚು ದೂರ ತೇಲುವ ವೇಗ) ಹಿಡಿಯಬೇಕು. ಸೆಸ್ನಾ 172ಎಸ್‌ನ ಕೈಪಿಡಿ ಇದಕ್ಕೆ 68 ನಾಟ್ ಎನ್ನುತ್ತದೆ. ಹಳೆಯ 172ಎನ್‌ನಲ್ಲಿ ಅದು 65. ಗಾಳಿ ಇಲ್ಲದಾಗ ಈ ವಿಮಾನ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ. ಅಂದರೆ ನೆಲದಿಂದ 4,000 ಅಡಿ ಮೇಲಿದ್ದರೆ ನಿಮಗಿರುವ ವ್ಯಾಪ್ತಿ ಆರು ಮೈಲಿ. ಇಳಿಯುವ ಜಾಗವನ್ನು ಅಷ್ಟರೊಳಗೇ ಆರಿಸಿ, ಅತ್ತ ತಿರುಗಿ.

ವಿಮಾನ ಅತ್ತ ಸಾಗುತ್ತಿರುವಾಗಲೇ ಎಂಜಿನ್ ಮತ್ತೆ ಹಿಡಿಯುತ್ತದಾ ನೋಡಿ. ಫ್ಯುಯಲ್ ಸೆಲೆಕ್ಟರ್ ಎರಡೂ ಟ್ಯಾಂಕಿಗೆ ಇದೆಯಾ, ಮಿಕ್ಸ್ಚರ್ (ಇಂಧನ, ಗಾಳಿಯ ಪ್ರಮಾಣ ಹೊಂದಿಸುವ ಗುಂಡಿ) ಪೂರ್ತಿ ಒಳಗಿದೆಯಾ, ಕಿಡಿ ಕೊಡುವ ಮ್ಯಾಗ್ನೆಟೋಗಳ ಸ್ವಿಚ್ ಎರಡರಲ್ಲೂ ಇದೆಯಾ? ಕಾರ್ಬ್ಯುರೇಟರ್ ಇರುವ ಎಂಜಿನ್ ಆದರೆ ಅದಕ್ಕೆ ಬಿಸಿಗಾಳಿ ಹಾಯಿಸುವ ಕಾರ್ಬ್ ಹೀಟ್ ಎಳೆಯಿರಿ. ಫ್ಯುಯಲ್ ಇಂಜೆಕ್ಷನ್ ಇದ್ದರೆ ಪಂಪ್ ಹಾಕಿ. ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟುವುದು ಚಳಿಗಾಲದಲ್ಲಿ ಮಾತ್ರವಲ್ಲ. ತೇವ ಜಾಸ್ತಿ ಇದ್ದರೆ ಬೆಚ್ಚಗಿನ ದಿನದಲ್ಲೂ ಕಟ್ಟುತ್ತದೆ. ಇಷ್ಟಾದ ಮೇಲೆ ಮೈಕ್ ಒತ್ತಿ. ಎತ್ತರ ತೀರ ಕಡಿಮೆ ಇದ್ದರೆ ಮಾತಾಡದಿದ್ದರೂ ಪರವಾಗಿಲ್ಲ, ಹಾರಿಸುವುದರಲ್ಲೇ ಇರಿ.

ಮೇಡೇಯೋ, ಪ್ಯಾನ್ ಪ್ಯಾನೋ?

ಈಗಲೇ ಜೀವಕ್ಕೆ ಅಪಾಯ, ತಕ್ಷಣ ಸಹಾಯ ಬೇಕು ಎಂದಾದರೆ ಮೇಡೇ. ಎಂಜಿನ್ ನಿಂತಿರುವುದು, ಬೆಂಕಿ, ಮೋಡದೊಳಗೆ ಸಿಕ್ಕಿಕೊಂಡಿರುವುದು ಈ ಗುಂಪಿನವು. ಅಪಾಯ ಇನ್ನೂ ಮೈಮೇಲೆ ಬಂದಿಲ್ಲ, ಆದರೆ ಕಳವಳ ಶುರುವಾಗಿದೆ ಎಂದಾದರೆ ಪ್ಯಾನ್ ಪ್ಯಾನ್. ಎರಡನ್ನೂ ಮೂರು ಸಲ ಹೇಳುವುದು ಪದ್ಧತಿ. ಎಫ್‌ಎಎ ಕೈಪಿಡಿಯ ಒಂದು ಮಾತನ್ನು ಚೆನ್ನಾಗಿ ನೆನಪಿಡಿ: ತಾನೆಲ್ಲಿದ್ದೇನೆ, ಇಂಧನ ಸಾಲುತ್ತದಾ, ಹವಾಮಾನ ಹೇಗಾಗುತ್ತದೆ ಎಂಬುದರ ಬಗ್ಗೆ ಪೈಲಟ್‌ಗೆ ಅನುಮಾನ ಬಂದರೆ ಸಾಕು, ಅದು ಕನಿಷ್ಠ ಪ್ಯಾನ್ ಪ್ಯಾನ್ ಮಟ್ಟದ ಸ್ಥಿತಿ. ಅನುಮಾನ ನಿಜವಾಗುವ ತನಕ ಕಾಯಬೇಕಿಲ್ಲ.

ಯಾವುದು ಎಂದು ತೀರ್ಮಾನಿಸಲು ಆಗುತ್ತಿಲ್ಲವಾ? ಮೇಡೇ ಎಂದುಬಿಡಿ. ಪರಿಸ್ಥಿತಿ ಸುಧಾರಿಸಿದರೆ ಎಮರ್ಜೆನ್ಸಿ ರದ್ದು ಮಾಡುತ್ತಿದ್ದೇನೆ ಎಂದು ಹೇಳಿದರಾಯಿತು. ಆ ಪದವೂ ನಾಲಿಗೆಗೆ ಬರದಿದ್ದರೆ ‘ಐ ಯಾಮ್ ಡಿಕ್ಲೇರಿಂಗ್ ಯಾನ್ ಎಮರ್ಜೆನ್ಸಿ’ ಎಂದರೂ ಅಮೆರಿಕದ ಕಂಟ್ರೋಲರ್‌ಗೆ ಅರ್ಥ ಸ್ಪಷ್ಟ. ಕೂಡದ್ದು ಸುತ್ತಿ ಬಳಸಿ ಹೇಳುವುದು. ‘ಸ್ವಲ್ಪ ತೊಂದರೆ ಇದೆ’, ‘ಬೇಗ ಇಳಿಯಬಹುದಾ’ ಎಂದರೆ ನಿಮ್ಮ ಕಷ್ಟ ಎಷ್ಟು ದೊಡ್ಡದು ಎಂದು ಆಚೆ ಕೂತವರಿಗೆ ಹೇಗೆ ಗೊತ್ತಾಗಬೇಕು?

ಇದಕ್ಕೆ ತೆತ್ತ ಬೆಲೆ ವಿಮಾನಯಾನದ ಇತಿಹಾಸದಲ್ಲಿ ದಾಖಲಾಗಿದೆ. 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬರುತ್ತಿದ್ದ ಅವಿಯಾಂಕಾ 52 ಎಂಬ ಬೋಯಿಂಗ್ 707 ವಿಮಾನ, ಹವಾಮಾನ ಕೆಟ್ಟಿದ್ದರಿಂದ ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಸುತ್ತು ಹಾಕಬೇಕಾಯಿತು. ಇಂಧನ ಮುಗಿಯುತ್ತಾ ಬಂದಿತ್ತು. ಸಹ ಪೈಲಟ್ ಆದ್ಯತೆ ಬೇಕು ಎಂದರು, ಇಂಧನ ಖಾಲಿಯಾಗುತ್ತಿದೆ ಎಂದೂ ಹೇಳಿದರು. ಎಮರ್ಜೆನ್ಸಿ ಎಂಬ ಪದವನ್ನಾಗಲಿ ಮೇಡೇ ಎಂಬ ಪದವನ್ನಾಗಲಿ ಕಂಟ್ರೋಲರ್‌ಗಳಿಗೆ ಹೇಳಲೇ ಇಲ್ಲ. ಮೊದಲ ಸಲ ಇಳಿಯಲು ಆಗದೆ ಮತ್ತೆ ಸುತ್ತಿ ಬರುವಾಗ ಎಂಜಿನ್‌ಗಳು ನಿಂತವು. ವಿಮಾನ ಲಾಂಗ್ ಐಲ್ಯಾಂಡಿನ ಕೋವ್ ನೆಕ್‌ನಲ್ಲಿ ಬಿತ್ತು. ಅದರಲ್ಲಿದ್ದ 158 ಜನರಲ್ಲಿ 73 ಮಂದಿ ಸತ್ತರು. ಇಂಧನವನ್ನು ಸರಿಯಾಗಿ ನಿಭಾಯಿಸದಿದ್ದುದು, ಎಮರ್ಜೆನ್ಸಿ ಇದೆ ಎಂದು ತಿಳಿಸದಿದ್ದುದು ತನಿಖೆಯಲ್ಲಿ ಮುಖ್ಯ ಕಾರಣಗಳಾಗಿ ದಾಖಲಾದವು. ಈ ಘಟನೆಯನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಅಷ್ಟು ಹೊತ್ತು ಮಾತು ನಡೆಯಿತು, ಬೇಕಾದ ಒಂದು ಪದ ಮಾತ್ರ ಬರಲಿಲ್ಲ.

ಈಗ ಇಂಧನದ ವಿಷಯದಲ್ಲಿ ಎರಡು ಮೆಟ್ಟಿಲುಗಳಿವೆ. ‘ಮಿನಿಮಮ್ ಫ್ಯುಯಲ್’ ಎಂದರೆ ಇನ್ನು ಜಾಸ್ತಿ ತಡವಾದರೆ ಕಷ್ಟ ಎಂಬ ಸೂಚನೆ, ಅಷ್ಟೇ. ಅದರಿಂದ ನಿಮಗೆ ಆದ್ಯತೆ ಸಿಗುವುದಿಲ್ಲ. ಆದ್ಯತೆ ಬೇಕಿದ್ದರೆ ಎಮರ್ಜೆನ್ಸಿ ಎಂದೇ ಹೇಳಬೇಕು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಅದಕ್ಕೆ ‘ಮೇಡೇ ಮೇಡೇ ಮೇಡೇ ಫ್ಯುಯಲ್’ ಎನ್ನುತ್ತಾರೆ. 2025ರ ಜೂನ್ 19ರಂದು ಗುವಾಹಟಿಯಿಂದ ಚೆನ್ನೈಗೆ ಹೊರಟಿದ್ದ ವಿಮಾನವೊಂದು ಇಂಧನ ಕಡಿಮೆಯಾಗಿ ಮೇಡೇ ಕೊಟ್ಟು ನಮ್ಮ ಬೆಂಗಳೂರಿನಲ್ಲೇ ಇಳಿಯಿತು. ಎಲ್ಲರೂ ಕ್ಷೇಮವಾಗಿದ್ದರು.

ಯಾವ ಫ್ರೀಕ್ವೆನ್ಸಿ, ಯಾವ ಕೋಡ್?

ಈಗಾಗಲೇ ಯಾರ ಜೊತೆ ಮಾತಾಡುತ್ತಿದ್ದೀರೋ ಅವರಿಗೇ ಹೇಳಿ. ಫ್ರೀಕ್ವೆನ್ಸಿ ಬದಲಿಸಬೇಡಿ. ಅವರಿಗೆ ನೀವು ಯಾರು, ಎಲ್ಲಿದ್ದೀರಿ ಎಂಬುದು ಆಗಲೇ ಗೊತ್ತಿದೆ. ಯಾರ ಜೊತೆಯೂ ಸಂಪರ್ಕ ಇಲ್ಲದಿದ್ದರೆ 121.5 ಮೆಗಾಹರ್ಟ್ಸ್‌ಗೆ ಹೋಗಿ. ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಕೇಂದ್ರಗಳ ಜೊತೆಗೆ, ಮೇಲೆ ಹಾರುವ ದೊಡ್ಡ ವಿಮಾನಗಳೂ ಅದನ್ನು ಕೇಳುತ್ತಿರುತ್ತವೆ. ಬೆಟ್ಟಗಳ ನಡುವೆ ನಿಮ್ಮ ದನಿ ನೆಲದ ಆಂಟೆನಾಗೆ ತಲುಪದಿದ್ದರೂ ಅವರು ಕೇಳಿಸಿಕೊಂಡು ಮುಂದಕ್ಕೆ ತಿಳಿಸಬಲ್ಲರು.

ರಾಡಾರ್‌ಗೆ ವಿಮಾನದ ಗುರುತಿನ ಕೋಡ್ ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ಎಮರ್ಜೆನ್ಸಿಗೆ 7700, ರೇಡಿಯೋ ಕೆಟ್ಟರೆ 7600, ಅಪಹರಣಕ್ಕೆ 7500. ಎಟಿಸಿ ನಿಮಗೆ ಪ್ರತ್ಯೇಕ ಕೋಡ್ ಕೊಟ್ಟು ಮಾತಾಡುತ್ತಿದ್ದರೆ, ಅವರು ಹೇಳುವ ತನಕ ಅದನ್ನು ಬದಲಿಸಬೇಕಿಲ್ಲ. ಯಾರ ಸಂಪರ್ಕವೂ ಇಲ್ಲದಿದ್ದಾಗ 7700 ಒತ್ತಿದರೆ ರಾಡಾರ್ ಪರದೆಯ ಮೇಲೆ ನೀವು ತಕ್ಷಣ ಕಣ್ಣಿಗೆ ಬೀಳುತ್ತೀರಿ.

ಏನು ಹೇಳಬೇಕು?

ಒಂದು ಸನ್ನಿವೇಶ ಕಲ್ಪಿಸಿಕೊಳ್ಳೋಣ. ನೀವು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ರೀಡ್ ಹಿಲ್‌ವ್ಯೂ ವಿಮಾನ ನಿಲ್ದಾಣದಿಂದ ಹಾಲಿಸ್ಟರ್ ಕಡೆಗೆ ಹೊರಟಿದ್ದೀರಿ. 5,500 ಅಡಿಯಲ್ಲಿ ಎಂಜಿನ್ ಒರಟಾಗಿ ನಡುಗಿ ಶಕ್ತಿ ಕಳೆದುಕೊಂಡಿತು. ಪಕ್ಕದಲ್ಲಿ ಒಬ್ಬ ಗೆಳೆಯ. ಅಲ್ಲಿನ ಎಟಿಸಿ ಕೇಂದ್ರವಾದ ನಾರ್ಕ್ಯಾಲ್ ಅಪ್ರೋಚ್ ಜೊತೆ ಮಾತಾಡುತ್ತಿದ್ದೀರಿ. ಹತ್ತಿರದಲ್ಲಿ ಸ್ಯಾನ್ ಮಾರ್ಟಿನ್ ವಿಮಾನ ನಿಲ್ದಾಣವಿದೆ. ಕರೆ ಹೀಗಿರಬಹುದು:

‘ನಾರ್ಕ್ಯಾಲ್ ಅಪ್ರೋಚ್, ಮೇಡೇ, ಮೇಡೇ, ಮೇಡೇ. ಸೆಸ್ನಾ’ ಎಂದು ನಿಮ್ಮ ವಿಮಾನದ ನಂಬರ್ ಹೇಳಿ. ಮುಂದೆ: ‘ಎಂಜಿನ್ ಫೇಲ್ಯೂರ್. ಲ್ಯಾಂಡಿಂಗ್ ಸ್ಯಾನ್ ಮಾರ್ಟಿನ್. ಫೋರ್ ಮೈಲ್ಸ್ ನಾರ್ತ್, ಫೈವ್ ಥೌಸಂಡ್ ಫೈವ್ ಹಂಡ್ರೆಡ್. ಟೂ ಸೋಲ್ಸ್ ಆನ್ ಬೋರ್ಡ್, ಟೂ ಅವರ್ಸ್ ಫ್ಯುಯಲ್.’

ಯಾರು, ಏನಾಗಿದೆ, ಏನು ಮಾಡುತ್ತಿದ್ದೀರಿ, ಎಲ್ಲಿದ್ದೀರಿ, ಎಷ್ಟು ಜನ, ಎಷ್ಟು ಇಂಧನ. ಎಲ್ಲವೂ ಒಂದೇ ಉಸಿರಿಗೆ ಬರಬೇಕೆಂದಿಲ್ಲ. ಮೊದಲ ಮೂರು ಅವರಿಗೆ ತಲುಪಿದರೂ ಸಾಕು, ಉಳಿದದ್ದನ್ನು ಅವರೇ ಕೇಳುತ್ತಾರೆ. ಇಂಧನವನ್ನು ಗ್ಯಾಲನ್‌ನಲ್ಲಿ ಹೇಳಬೇಡಿ, ಗಂಟೆ ನಿಮಿಷಗಳಲ್ಲಿ ಹೇಳಿ. ಇನ್ನೆಷ್ಟು ಹೊತ್ತು ಹಾರಬಲ್ಲಿರಿ ಎಂಬುದು ಅವರಿಗೆ ಬೇಕು. ಜನರ ಲೆಕ್ಕದಲ್ಲಿ ನಿಮ್ಮನ್ನೂ ಸೇರಿಸಿ. ನೆಲದಲ್ಲಿ ಹುಡುಕುವವರು ಆ ಸಂಖ್ಯೆಯನ್ನೇ ನಂಬಿ ಹುಡುಕುತ್ತಾರೆ.

ಆಮೇಲೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಕೈ ಖಾಲಿ ಇಲ್ಲದಿದ್ದರೆ ‘ಸ್ಟ್ಯಾಂಡ್‌ಬೈ’ ಎನ್ನಿ. ಅವರು ಹೇಳಿದ್ದನ್ನು ಮಾಡಲು ಆಗದಿದ್ದರೆ ‘ಅನೇಬಲ್’ ಎನ್ನಿ. ಇದು ಉದ್ಧಟತನವಲ್ಲ. ನಿರ್ಧಾರ ಮಾಡುವುದು ವಿಮಾನದಲ್ಲಿರುವ ನೀವು, ಸಹಾಯ ಮಾಡುವುದು ಅವರು. ಹತ್ತಿರದ ವಿಮಾನ ನಿಲ್ದಾಣ ಯಾವುದು, ಗಾಳಿ ಎತ್ತ ಬೀಸುತ್ತಿದೆ, ರನ್‌ವೇ ಎಷ್ಟು ಉದ್ದ ಎಂದು ಧಾರಾಳವಾಗಿ ಕೇಳಿ.

ಮೋಡದೊಳಗೆ ಹೋದಾಗ

ಖಾಸಗಿ ಪೈಲಟ್‌ಗಳು ಬಾಯಿ ಬಿಡಲು ಹೆಚ್ಚು ಹಿಂಜರಿಯುವುದು ಇಲ್ಲಿ. ಎಂಜಿನ್ ನಿಂತರೆ ತಪ್ಪು ನಮ್ಮದಲ್ಲ ಎಂಬ ಸಮಾಧಾನ ಇರುತ್ತದೆ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಏನೂ ಕಾಣದಾಗ ಮೀಟರ್‌ಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆ) ಇಲ್ಲದೆ ಮೋಡಕ್ಕೆ ಹೊಕ್ಕರೆ ನಿಯಮ ಮುರಿದ ಭಯ ಕಾಡುತ್ತದೆ. ಆದರೆ ಸಮಯ ತೀರಾ ಕಡಿಮೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಇಂಥ ತರಬೇತಿ ಇಲ್ಲದ 20 ಜನರನ್ನು ಕೃತಕವಾಗಿ ಮಾಡಿದ ಮೋಡದ ಸ್ಥಿತಿಯಲ್ಲಿ ಹಾರಿಸಿ ನೋಡಿತು. ಇಪ್ಪತ್ತೂ ಜನ ನಿಯಂತ್ರಣ ಕಳೆದುಕೊಂಡರು. ಅದಕ್ಕೆ ಹಿಡಿದ ಸಮಯ ಸರಾಸರಿ 178 ಸೆಕೆಂಡ್. ಕಿವಿಯೊಳಗಿನ ಸಮತೋಲನದ ಅಂಗ ಸುಳ್ಳು ಹೇಳುತ್ತದೆ. ವಾಲಿದ ವಿಮಾನ ನೇರವಾಗಿದೆ ಅನ್ನಿಸುತ್ತದೆ.

ಹಾಗಾಗಿ ಕೃತಕ ದಿಗಂತದ ಮೀಟರ್ ಮೇಲೆ ಕಣ್ಣಿಟ್ಟು ರೆಕ್ಕೆ ಸಮ ಮಾಡಿ. ಆಟೋಪೈಲಟ್ ಇದ್ದರೆ ಹಾಕಿ. ನಂತರ ನೇರವಾಗಿ ಹೇಳಿ: ನಾನು ವಿಎಫ್‌ಆರ್ (ಹೊರಗೆ ಕಣ್ಣಿಗೆ ಕಾಣುವುದನ್ನು ನೋಡಿ ಹಾರಿಸುವ) ಪೈಲಟ್, ಮೋಡದೊಳಗಿದ್ದೇನೆ, ಎಮರ್ಜೆನ್ಸಿ. ಇಂಥ ಪೈಲಟ್‌ಗೆ ಒಟ್ಟಿಗೆ ಹಲವು ಕೆಲಸ ಹೇಳಬಾರದು, ತಿರುವುಗಳು ನಿಧಾನವಾಗಿರಬೇಕು, ಸಾಧ್ಯವಾದಷ್ಟು ಫ್ರೀಕ್ವೆನ್ಸಿ ಬದಲಿಸಲು ಹೇಳಬಾರದು ಎಂಬುದು ಕಂಟ್ರೋಲರ್‌ಗಳ ತರಬೇತಿಯಲ್ಲೇ ಇದೆ. ಆದರೆ ನೀವು ಯಾರು ಎಂದು ಹೇಳಿದರೆ ತಾನೆ ಅವರು ಹಾಗೆ ನಡೆದುಕೊಳ್ಳಲು ಸಾಧ್ಯ?

ಲೈಸೆನ್ಸ್ ಹೋಗುತ್ತದಾ?

ಈ ಭಯಕ್ಕೆ ಕಾನೂನೇ ಉತ್ತರ ಕೊಟ್ಟಿದೆ. ಎಫ್‌ಎಎ ನಿಯಮ 91.3ರ ಪ್ರಕಾರ, ತಕ್ಷಣ ಕ್ರಮ ಬೇಕಾದ ಎಮರ್ಜೆನ್ಸಿಯಲ್ಲಿ ಪೈಲಟ್ ನಿಯಮಾವಳಿಯ ಅದೇ 91ನೇ ಭಾಗದ ಯಾವುದೇ ನಿಯಮವನ್ನು ಅಗತ್ಯ ಇರುವಷ್ಟು ಮೀರಬಹುದು. ಎಟಿಸಿ ಸೂಚನೆಯಿಂದ ಆಚೀಚೆ ಹೋದರೆ ಆದಷ್ಟು ಬೇಗ ಅವರಿಗೆ ತಿಳಿಸಬೇಕು, ಅಷ್ಟೇ. ಬರಹದಲ್ಲಿ ವರದಿ ಬೇಕಾಗುವುದು ಅವರು ಕೇಳಿದರೆ ಮಾತ್ರ. ನಿಮಗೆ ಆದ್ಯತೆ ಕೊಟ್ಟ ಎಟಿಸಿ ಕೇಂದ್ರದ ಮುಖ್ಯಸ್ಥರು ಕೇಳಿದರೆ 48 ಗಂಟೆಯೊಳಗೆ ಕೊಡಬೇಕು.

ಒಂದು ಮಾತು ಬಿಡಿಸಿ ಹೇಳಬೇಕು. ಲೆಕ್ಕ ಹಾಕದೆ ಇಂಧನ ಮುಗಿಸಿಕೊಂಡು ಬಂದರೆ, ಅದರ ಬಗ್ಗೆ ಪ್ರಶ್ನೆ ಬರಬಹುದು. ಆ ಪ್ರಶ್ನೆ ಹುಟ್ಟುವುದು ಹೊರಡುವ ಮುಂಚಿನ ಅಜಾಗರೂಕತೆಯಿಂದ, ಮೇಡೇ ಎಂದಿದ್ದರಿಂದ ಅಲ್ಲ. ಹೇಳದೆ ಉಳಿದರೆ ಆ ಪ್ರಶ್ನೆಗೆ ಉತ್ತರಿಸಲು ನೀವೇ ಇರಲಿಕ್ಕಿಲ್ಲ.

ಮನೆಯಲ್ಲೇ ಅಭ್ಯಾಸ

ಮೇಲಿನ ಆರು ಅಂಶಗಳನ್ನು ಒಂದು ಚೀಟಿಯಲ್ಲಿ ಬರೆದು ನೀಬೋರ್ಡ್‌ಗೆ (ತೊಡೆಗೆ ಕಟ್ಟಿಕೊಳ್ಳುವ ಬರೆಯುವ ಹಲಗೆ) ಅಂಟಿಸಿಕೊಳ್ಳಿ. ಕಾರಿನಲ್ಲಿ ಒಬ್ಬರೇ ಹೋಗುವಾಗ ಗಟ್ಟಿಯಾಗಿ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು, ಬಾಯಿಗೆ ರೂಢಿಯಾಗಬೇಕು. ಇಂಗ್ಲಿಷ್ ನಮ್ಮ ಮನೆಮಾತಲ್ಲವಾದ್ದರಿಂದ ಗಾಬರಿಯಲ್ಲಿ ಪದ ಸಿಗದಿರುವುದು ಸಹಜ. ಮುಂದಿನ ಸಲ ಇನ್‌ಸ್ಟ್ರಕ್ಟರ್ ಥ್ರಾಟಲ್ ಎಳೆದು ಎಂಜಿನ್ ಹೋಯಿತು ಎಂದಾಗ, ಮೈಕ್ ಒತ್ತದೆ ಇಡೀ ಕರೆಯನ್ನು ಜೋರಾಗಿ ಹೇಳಿ ತೋರಿಸಿ. ರೇಡಿಯೋದಲ್ಲಿ ಮಾತ್ರ ಅಭ್ಯಾಸ ಬೇಡ. ಸುಳ್ಳು ಮೇಡೇ ಅಪರಾಧ.

ಜೊತೆಗೆ ಬರುವವರಿಗೂ ಹೊರಡುವ ಮುಂಚೆ ಎರಡು ನಿಮಿಷ ಕೊಡಿ. ಮೈಕ್ ಬಟನ್ ಎಲ್ಲಿದೆ, 121.5 ಹಾಕುವುದು ಹೇಗೆ ಎಂದು ತೋರಿಸಿ. ಅಮ್ಮ, ಮಾವ, ಮಗಳು, ಯಾರೇ ಆಗಲಿ, ಒತ್ತಿ ತಮಗೆ ಬರುವ ಮಾತಿನಲ್ಲಿ ಹೇಳಿದರೆ ಸಾಕು ಎಂದು ತಿಳಿಸಿ.

ಇಳಿದ ಮೇಲೆ ಅಗ್ನಿಶಾಮಕದವರು ಬಂದು ಹೆಸರು, ಫೋನ್ ನಂಬರ್ ಕೇಳುತ್ತಾರೆ, ಕೊಡಿ. ಬೆಂಕಿ, ಕಂಟ್ರೋಲ್ ಕೆಡುವುದು, ಪೈಲಟ್ ಅಸ್ವಸ್ಥರಾಗುವುದು ಇಂಥ ಕೆಲವು ಘಟನೆಗಳನ್ನು ಅಮೆರಿಕದ ಅಪಘಾತ ತನಿಖಾ ಸಂಸ್ಥೆಯಾದ ಎನ್‌ಟಿಎಸ್‌ಬಿಗೆ ತಕ್ಷಣ ತಿಳಿಸಬೇಕು. ಉಳಿದವಕ್ಕೆ ನಾಸಾ ನಡೆಸುವ ಎಎಸ್‌ಆರ್‌ಎಸ್ ಎಂಬ ಸುರಕ್ಷತಾ ವರದಿ ವ್ಯವಸ್ಥೆ ಇದೆ. ಏನಾಯಿತೆಂದು 10 ದಿನದೊಳಗೆ ಅಲ್ಲಿಗೆ ಬರೆದು ಕಳಿಸಿ. ಹೆಸರು ಗುಟ್ಟಾಗಿರುತ್ತದೆ. ಬೇಕೆಂದೇ ಮಾಡಿದ ತಪ್ಪಲ್ಲದಿದ್ದರೆ ದಂಡದಿಂದ ರಕ್ಷಣೆಯೂ ಸಿಗಬಹುದು. ಅಪಘಾತಕ್ಕೂ ಅಪರಾಧಕ್ಕೂ ಈ ರಕ್ಷಣೆ ಅನ್ವಯಿಸುವುದಿಲ್ಲ.