ಕೊಡವ ಗೊಂಬೆ: ಹಳೆಯದಾ, ಹೊಸದಾ ಅಂತ ನಾನು ನೋಡುವ ರೀತಿ

ಬೇರೆ ಬೇರೆ ಜನರ ಉಡುಪು ತೊಡಿಸಿದ ಗೊಂಬೆಗಳನ್ನು ಸಂಗ್ರಹಿಸುವವರಿಗೆಲ್ಲ ಈ ತಲೆನೋವು ಗೊತ್ತೇ ಇದೆ. ಹಳೆಯದು ಅಂತ ದುಡ್ಡು ಕೊಟ್ಟು ತಂದದ್ದು ನಿಜವಾಗಿ ಹಳೆಯದಾ, ಇಲ್ಲ ಹಳೆ ಮೈಗೆ ಯಾರೋ ಮೊನ್ನೆ ಸೀರೆ ಸುತ್ತಿದ್ದಾ? ನಾನು ಬಟ್ಟೆ ಬಿಚ್ಚಿಯೇ ನೋಡುತ್ತೇನೆ ಅಂದಾಗ ನಮ್ಮ ಗುಂಪಿನ ಹಿರಿಯರು ಬೈದರು. ಬಿಚ್ಚಿದ ಗೊಂಬೆಗೆ ಅರ್ಧ ಬೆಲೆಯೂ ಬರೋದಿಲ್ಲ ಅಂದರು. ಈಗ ಅವರೇ ಕೊಳ್ಳುವ ಮುಂಚೆ ನನಗೆ ಫೋಟೋ ಕಳಿಸುತ್ತಾರೆ.

ನನ್ನ ಹತ್ತಿರ ಜಾಸ್ತಿ ಇರುವುದು ಕೊಡವ ಜೋಡಿಗಳು. ಹತ್ತಿಪ್ಪತ್ತು ಜೋಡಿ ಇರಬಹುದು. ಹಳೆಯವು ಸುಮಾರು ಹತ್ತು ಇಂಚಿನ ಬಟ್ಟೆ ಗೊಂಬೆಗಳು, ಒಳಗೆ ತಂತಿ ಮತ್ತು ಹತ್ತಿ, ಕಾಲಡಿಗೆ ಮರದ ತುಂಡು. ಗಂಡಿಗೆ ಕುಪ್ಯ ಅನ್ನುವ ಕಪ್ಪು ಉದ್ದ ಕೋಟು, ಸೊಂಟಕ್ಕೆ ಸುತ್ತಿದ ಚೇಲೆ ಅನ್ನುವ ಬಟ್ಟೆ ಪಟ್ಟಿ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ ಅನ್ನುವ ಸಣ್ಣ ಬಾಕು. ಹೆಣ್ಣಿಗೆ ನೆರಿಗೆ ಹಿಂದೆ ಇಟ್ಟು, ಸೆರಗನ್ನು ಬಲ ಭುಜದ ಮೇಲೆ ಸೇರಿಸಿದ ಸೀರೆ. ಈ ಬಲ ಭುಜ ನೆನಪಿಟ್ಟುಕೊಳ್ಳಿ.

ಮೊದಲು ಜರಿ ನೋಡುತ್ತಿದ್ದೆ. ಹಳೆ ಜರಿ ಕಪ್ಪಾಗುತ್ತದೆ, ಈಗಿನ ಪ್ಲಾಸ್ಟಿಕ್ ಜರಿ ಹಾಗೇ ಹೊಳೆಯುತ್ತಿರುತ್ತದೆ. ಆದರೆ ಮಾರುವವರಿಗೂ ಇದು ಗೊತ್ತು. ಅಜ್ಜಿಯ ಕಾಲದ ಸೀರೆಯ ಅಂಚು ಕತ್ತರಿಸಿ ಗೊಂಬೆಗೆ ಹಚ್ಚುತ್ತಾರೆ. ಜರಿ ಹಳೆಯದೇ, ಗೊಂಬೆಯ ಉಡುಪು ಮಾತ್ರ ಹೊಸದು. ಆಮೇಲೆ ಐನೂರೋ ಆರುನೂರೋ ಕೊಟ್ಟು ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ತಂದೆ, ಹೊಸ ಬಟ್ಟೆ ನೀಲಿಯಾಗಿ ಹೊಳೆಯುತ್ತದೆ ಅಂತ. ಹೊಳೆಯಿತು, ಆದರೆ ಹಳೆಯದೂ ಹೊಳೆಯಿತು, ಯಾಕೆಂದರೆ ಯಾವತ್ತೋ ಒಂದು ದಿನ ಯಾರೋ ಅದನ್ನು ಈಗಿನ ಸೋಪಿನ ಪುಡಿಯಲ್ಲಿ ಒಗೆದಿರುತ್ತಾರೆ ಮತ್ತು ಆ ಪುಡಿಯಲ್ಲಿ ಬಟ್ಟೆಗೆ ಬಿಳುಪು ಕೊಡುವ ರಾಸಾಯನಿಕ ಇರುತ್ತದೆ. ಟಾರ್ಚ್ ಈಗ ಕರೆಂಟ್ ಹೋದಾಗಲೂ ಉಪಯೋಗವಿಲ್ಲ.

ಕೊನೆಗೆ ಕೈ ಹಿಡಿದದ್ದು ತುಕ್ಕು. ಹಳೆಯವರು ಸೆರಗಿಗೆ ಗುಂಡುಪಿನ್ ಚುಚ್ಚುತ್ತಿದ್ದರು. ನಮ್ಮ ಮಳೆಗಾಲಗಳಲ್ಲಿ ಆ ಪಿನ್ನು ತುಕ್ಕು ಹಿಡಿದು, ಸೆರಗಿನಲ್ಲೊಂದು, ಕುಪ್ಪಸದಲ್ಲೊಂದು, ಒಳಗಿನ ಹತ್ತಿ ಮೈಮೇಲೊಂದು ಕಂದು ಚುಕ್ಕೆ ಬಿಡುತ್ತದೆ. ಎಳ್ಳಿನಷ್ಟು ದೊಡ್ಡದು, ನಡುವೆ ಗಾಢ, ಸುತ್ತ ಮಸುಕು. ಮೂರೂ ಚುಕ್ಕೆ ಒಂದರ ಮೇಲೊಂದು ಸರಿಯಾಗಿ ಕೂತರೆ ಆ ಸೀರೆ ಆ ಮೈಯದ್ದೇ. ಮೈಯ ಚುಕ್ಕೆ ಎಡ ಭುಜದಲ್ಲಿದ್ದರೆ ಆ ಗೊಂಬೆ ಮೊದಲು ಕೊಡವತಿಯೇ ಆಗಿರಲಿಲ್ಲ, ಬೇರೆ ಯಾವುದೋ ಸೀರೆ ಉಟ್ಟಿದ್ದನ್ನು ಆಮೇಲೆ ಬದಲಾಯಿಸಿದ್ದಾರೆ. ಕುಪ್ಪಸದ ಬಣ್ಣ ಮೈಗೆ ಹತ್ತಿರುವ ಗೆರೆಯೂ ಹೀಗೇ ಹೊಂದಬೇಕು. ಬಿಚ್ಚುವಾಗ ನೆರಿಗೆಗಳನ್ನು ಬಿಳಿ ನೂಲಿನಿಂದ ಸಡಿಲವಾಗಿ ಟಾಕ್ ಹಾಕಿಕೊಳ್ಳಿ, ಅದೇ ಮಡಿಕೆಗೆ ವಾಪಸ್ ಕೂರುತ್ತದೆ. ನಾನು ಬಿಚ್ಚಿ ಉಡಿಸಿದ್ದು ಯಾವುದು ಅಂತ ಬೈದವರ ಮುಂದೆಯೇ ಇಟ್ಟೆ, ಗುರುತಿಸಲಿಲ್ಲ. ಪಿನ್ನನ್ನು ಹರಿಯದಂತೆ ತೆಗೆಯುವ ಉಪಾಯ ಮತ್ತು ಗಂಡು ಗೊಂಬೆಯ ಚೇಲೆಯಲ್ಲಿ ನಾನು ನೋಡುವ ಒಂದು ಜಾಗ ಇಲ್ಲಿ ಬರೆಯುವುದಿಲ್ಲ. ನಕಲು ಮಾಡುವವರೂ ಓದುತ್ತಾರೆ.

ಇನ್ನು ಹೊಸ ಗೊಂಬೆ. ಮುಖದಲ್ಲಿ ಹೊಸದೇ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಕಣ್ಣು, ಬೆರಳು, ಅಳತೆ ಎಲ್ಲ ಚೆನ್ನ. ಆದರೆ ತಿರುಗಿಸಿ ನೋಡಿ. ನಾನು ಜೋಡಿಗೆ ಮೂರೂವರೆ ಸಾವಿರದ ಹತ್ತಿರ ಕೊಟ್ಟು ತಂದವುಗಳಲ್ಲಿ ಹೆಚ್ಚಿನವಕ್ಕೆ ನೆರಿಗೆ ಮುಂದೆಯೇ ಇತ್ತು. ಸೆರಗು ಮಾತ್ರ ಬಲಕ್ಕೆ ಅಂಟಿಸಿದ್ದರು. ಪಿನ್ ಇಲ್ಲ, ಎಲ್ಲ ಬಿಸಿ ಗೋಂದು. ಅದರ ಜೇಡರ ಬಲೆಯಂಥ ಎಳೆಗಳು ಸೀರೆಯ ಒಳಗೆ ಕಾಣುತ್ತವೆ. ಫೋಟೋ ಮುಂದಿನಿಂದ ತೆಗೆಯುತ್ತಾರೆ, ತಯಾರಿಸುವವರೂ ಫೋಟೋ ನೋಡಿಯೇ ಮಾಡುತ್ತಾರೆ, ಅಲ್ವಾ? ದೆಹಲಿಯಲ್ಲಿ ಕಾರ್ಟೂನಿಸ್ಟ್ ಶಂಕರ್ ಪಿಳ್ಳೈ 1965ರಲ್ಲಿ ಶುರು ಮಾಡಿದ ಗೊಂಬೆ ಮ್ಯೂಸಿಯಂಗೆ ಹೋದಾಗಲೂ ನನಗೆ ಇದೇ ಕಾಟ. ಗಾಜಿನ ಹಿಂದೆ ನಿಂತ ಗೊಂಬೆಯ ಬೆನ್ನು ಕಾಣುವುದಿಲ್ಲ.

ಮೈಮೇಲಿನ ಕಲೆ ಬಟ್ಟೆಗೆ ಹೊಂದುತ್ತದಾ ಅಂತ ನೋಡುವ ಉಪಾಯವನ್ನು ಸುಮ್ನೆ ಬಾರ್ಬಿ ಮೇಲೂ ಮಾಡಿ ನೋಡಿದೆ. ಬಾರ್ಬಿ ಮಾಡುವ ಮ್ಯಾಟೆಲ್ ಕಂಪನಿಯ ಡಾಲ್ಸ್ ಆಫ್ ದಿ ವರ್ಲ್ಡ್ ಸರಣಿಯಲ್ಲಿ 1982ರ ಇಂಡಿಯಾ ಬಾರ್ಬಿ ಇದೆಯಲ್ಲ, ಕೆಂಪು ಸೀರೆಯದು. 2012ರದ್ದು ಕೋತಿ, ಪಾಸ್‌ಪೋರ್ಟ್ ಜೊತೆ ಬಂತು. ಹಳೆಯದರ ಮೈಮೇಲೆ 1966 ಅಂತ ಅಚ್ಚು ಇದ್ದರೆ ಅದನ್ನೇ ತೋರಿಸಿ ಹತ್ತು ಸಾವಿರ ಕೇಳುವವರಿದ್ದಾರೆ. ಅದು ಮೈ ಎರೆಯುವ ಅಚ್ಚಿನ ಕಾಪಿರೈಟ್ ವರ್ಷ, ಗೊಂಬೆ ಮಾಡಿದ ವರ್ಷ ಅಲ್ಲ. ಆ ಅಚ್ಚು 90ರ ದಶಕದವರೆಗೂ ನಡೆದಿದೆ. ಬಾರ್ಬಿಯಂಥ ಗೊಂಬೆಯ ವಿನೈಲ್ (ಪ್ಲಾಸ್ಟಿಕ್) ಮೈಗೆ ಹತ್ತಿದ ಬಟ್ಟೆ ಬಣ್ಣ ತೆಗೆಯಲು ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಸಾಕು. ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿಲಿಗೆ ಇಡಬೇಕು. ಜೆಲ್ ಒಣಗಿದರೆ ಅಲ್ಲಿ ಬೆಳ್ಳಗೆ ಮಚ್ಚೆ ಉಳಿಯುತ್ತದೆ. ಬಟ್ಟೆಗೆ ತಾಗಿದರೆ ಬಣ್ಣ ಹೋಗುತ್ತದೆ, ಹಾಗಾಗಿ ಬಟ್ಟೆ ಗೊಂಬೆಗೆ ಬೇಡವೇ ಬೇಡ. ಇನ್ನೊಂದು ಮಾತು, ಕಲೆ ತೆಗೆಯುವ ಮುಂಚೆ ಫೋಟೋ ತೆಗೆದಿಡಿ. ಆ ಕಲೆಯೇ ನಿಮ್ಮ ಸಾಕ್ಷಿ.

ಹುಳಕ್ಕೆ ನುಸಿಗುಳಿಗೆ ಹಾಕಬೇಡಿ, ಕೆಲವು ಪ್ಲಾಸ್ಟಿಕ್ ಅದಕ್ಕೆ ಮೆತ್ತಗಾಗುತ್ತದೆ. ನಾನು ಬಟ್ಟೆ ಗೊಂಬೆಯನ್ನು ಗಾಳಿ ತೆಗೆದ ಚೀಲದಲ್ಲಿ ಕಟ್ಟಿ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇನೆ, ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚುವುದಿಲ್ಲ.

ದುಡ್ಡಿನ ಲೆಕ್ಕ ಹೇಳುವುದಾದರೆ, ಆರು ಸಾವಿರ ಹೇಳಿದ್ದ ಒಂದು ಹಳೆ ಜೋಡಿಯನ್ನು ಮಾರುವವರ ಎದುರೇ ಎಡ ಭುಜದ ಚುಕ್ಕೆ ತೋರಿಸಿ ಎರಡೂವರೆಗೆ ತಂದೆ. ಮೂರು ಚುಕ್ಕೆಯೂ ಕೂತ ಇನ್ನೊಂದಕ್ಕೆ ಕೇಳಿದಷ್ಟೇ ಕೊಟ್ಟೆ, ಚೌಕಾಸಿ ಮಾಡಲಿಲ್ಲ. ಈಗ ಹುಡುಕುತ್ತಿರುವುದು ನೆರಿಗೆ ಹಿಂದೆ ಇಟ್ಟ ಹೊಸ ಕೊಡವ ಜೋಡಿ. ಮಾಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ, ಐದು ಸಾವಿರದವರೆಗೂ ಕೊಡುತ್ತೇನೆ. ಬೆನ್ನಿನ ಫೋಟೋ ಮಾತ್ರ ಬೇಕು.