ವೋಲ್ಟೇಜ್ ಇಳಿದಾಗ ಆಂಪ್ ಲೆಕ್ಕ ಹಾಕುವುದು ಹೇಗೆ?

ಸೂತ್ರ ಎರಡೇ. ಕರೆಂಟನ್ನು (ಆಂಪ್) ರೆಸಿಸ್ಟೆನ್ಸ್‌ನಿಂದ, ಅಂದರೆ ಕರೆಂಟಿಗಿರುವ ತಡೆಯಿಂದ (ಓಮ್) ಗುಣಿಸಿದರೆ ವೋಲ್ಟೇಜ್. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಪವರ್ (ವ್ಯಾಟ್). ಹತ್ತನೇ ಕ್ಲಾಸಿನ ಮಕ್ಕಳಿಗೂ ಇವು ಬಾಯಿಪಾಠ. ಆದರೂ ರಾಯಚೂರಿನಲ್ಲಿ ಐಟಿಐ ಮುಗಿಸಿದ ಹುಡುಗರೇ ಮನೆಯ ಹೀಟರ್ ಮುಂದೆ ಕೂತು ತಪ್ಪು ಲೆಕ್ಕ ಹಾಕುವುದನ್ನು ನೋಡಿದ್ದೇನೆ.

ಮೊದಲು ಹೀಟರ್ ಮೇಲಿನ ಬರಹ ಓದಿ. 230 ವೋಲ್ಟ್, 2000 ವ್ಯಾಟ್ ಅಂತ ಇದೆ ಅಂದುಕೊಳ್ಳಿ.

2000ವನ್ನು 230ರಿಂದ ಭಾಗಿಸಿ. 8.7 ಆಂಪ್. ಅಂದರೆ 6 ಆಂಪಿನ ಸಣ್ಣ ಸಾಕೆಟ್ಟಿಗೆ ಇದನ್ನು ಹಾಕಲೇಬಾರದು, 16 ಆಂಪಿನದೇ ಬೇಕು. ಅವಸರವಿದ್ದರೆ ಸಾವಿರ ವ್ಯಾಟಿಗೆ ನಾಲ್ಕೂವರೆ ಆಂಪ್ ಅಂತ ಹಿಡಿಯಿರಿ, ಸಾಕು.

230ನ್ನು 8.7ರಿಂದ ಭಾಗಿಸಿದರೆ ರೆಸಿಸ್ಟೆನ್ಸ್ ಸುಮಾರು 26.5 ಓಮ್.

ಈಗ ಎಲ್ಲರೂ ಎಡವುವ ಜಾಗ. ಹಳ್ಳಿಯಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ 190ಕ್ಕೆ ಇಳಿಯಿತು ಅನ್ನಿ. ಆಗ ಎಷ್ಟು ಆಂಪ್? ಹೆಚ್ಚಿನವರು 2000ವನ್ನು 190ರಿಂದ ಭಾಗಿಸಿ, ‘ಹತ್ತೂವರೆ, ಕರೆಂಟ್ ಜಾಸ್ತಿ ಎಳೀತದೆ’ ಅನ್ನುತ್ತಾರೆ. ಇದು ತಪ್ಪು. 2000 ವ್ಯಾಟ್ ಅನ್ನುವುದು 230 ವೋಲ್ಟ್ ಸಿಕ್ಕಾಗಿನ ಮಾತು. ಹೀಟರಿನಲ್ಲಿ ಬದಲಾಗದೆ ಉಳಿಯುವುದು ರೆಸಿಸ್ಟೆನ್ಸ್, ವ್ಯಾಟ್ ಅಲ್ಲ. ಹಾಗಾಗಿ 190ನ್ನು 26.5ರಿಂದ ಭಾಗಿಸಬೇಕು. ಬರುವುದು 7.2 ಆಂಪ್. ಕರೆಂಟ್ ಇಳಿಯಿತು ಅಲ್ವಾ? ಪವರ್ ಇನ್ನೂ ಜೋರಾಗಿ ಇಳಿಯುತ್ತದೆ: 190 ಗುಣಿಸು 7.2, ಅಂದರೆ 1370 ವ್ಯಾಟ್ ಆಸುಪಾಸು. ವೋಲ್ಟೇಜ್ ಆರರಲ್ಲಿ ಒಂದು ಪಾಲು ಹೋದರೆ ಶಾಖ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ನೀರು ಕಾಯಲು 17 ನಿಮಿಷದ ಬದಲು 25 ನಿಮಿಷ ಬೇಕಾಗುವುದು ಇದಕ್ಕೇ. ಹೀಟರ್ ಕೆಟ್ಟಿದೆ ಅಂತ ಸುಮ್ನೆ ಹೊಸದು ತರಬೇಡಿ.

ಪಂಪಿನ ಮೋಟರ್ ಹಾಗಲ್ಲ. ನೀರೆತ್ತುವ ಕೆಲಸ ಬಿಡುವಂತಿಲ್ಲ, ಅದಕ್ಕೇ ವೋಲ್ಟೇಜ್ ಇಳಿದಾಗ ಅದು ಕರೆಂಟ್ ಜಾಸ್ತಿ ಎಳೆಯುತ್ತದೆ. ವೈಂಡಿಂಗ್, ಅಂದರೆ ಮೋಟರಿನೊಳಗಿನ ತಂತಿ ಸುರುಳಿ, ಸುಡುವುದು ಹೀಗೆಯೇ. ಮೋಟರಿಗೆ ಈ ಓಮ್ ಲೆಕ್ಕ ಬಳಸಬೇಡಿ. ಎಚ್‌ಪಿಯನ್ನು (ಹಾರ್ಸ್‌ಪವರ್) 746ರಿಂದ ಗುಣಿಸಿ ವ್ಯಾಟ್ ಮಾಡಿ, ಅದರಿಂದ ಆಂಪ್ ತೆಗೆದರೂ ನಿಜಕ್ಕಿಂತ ಕಡಿಮೆ ಬರುತ್ತದೆ. ಮೋಟರಿನ ಪ್ಲೇಟಿನ ಮೇಲಿನ ಆಂಪ್ ಓದಿ, ಓಡುವಾಗ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಿಡಿದು ತಾಳೆ ನೋಡಿ.

ರೆಸಿಸ್ಟೆನ್ಸನ್ನು ಮೀಟರಿನಲ್ಲೇ ನೋಡುವುದಾದರೆ ಪ್ಲಗ್ ಕಿತ್ತ ಮೇಲೆಯೇ ನೋಡಿ. ಹಳೆಯ ತಂತಿ ಬಲ್ಬನ್ನು ಹೀಗೆ ಅಳೆದು ಲೆಕ್ಕ ಹಾಕಬೇಡಿ. 100 ವ್ಯಾಟಿನ ಬಲ್ಬ್ ಉರಿಯುವಾಗ 529 ಓಮ್. ತಣ್ಣಗಿದ್ದಾಗ ಅದರ ಹತ್ತನೇ ಒಂದು ಪಾಲೂ ತೋರಿಸುವುದಿಲ್ಲ.

ಕೊನೆಗೆ ವೈರ್. ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.018 ಓಮ್. 30 ಮೀಟರ್ ದೂರ ಎಳೆದರೆ ಹೋಗಿ ಬರಲು 60 ಮೀಟರ್ ಆಗುತ್ತದೆ. ಈ ದುಪ್ಪಟ್ಟನ್ನು ಮರೆಯುವವರೇ ಜಾಸ್ತಿ. ಒಟ್ಟು 1.08 ಓಮ್. ನಮ್ಮ ಹೀಟರ್ ಹಚ್ಚಿದರೆ ವೈರಿನಲ್ಲೇ 9 ವೋಲ್ಟ್ ಹೋಗಿ 75 ವ್ಯಾಟ್ ಶಾಖವಾಗುತ್ತದೆ. ಎರಡೂವರೆ ಸ್ಕ್ವೇರ್ ಎಂಎಂ ಎಳೆದರೆ ಅದು 32 ವ್ಯಾಟಿಗೆ ಇಳಿಯುತ್ತದೆ. ನಾನು ಹೀಟರಿಗೆ ಎರಡೂವರೆಗಿಂತ ತೆಳು ವೈರ್ ಒಪ್ಪುವುದೇ ಇಲ್ಲ. ಮೇಲೆ ತಾಮ್ರ ಲೇಪಿಸಿ ಒಳಗೆ ಅಲ್ಯೂಮಿನಿಯಂ ಇಟ್ಟ ಅಗ್ಗದ ವೈರಂತೂ ಬೇಡವೇ ಬೇಡ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ಅಂಗಡಿಯಲ್ಲೇ ವಾಪಸ್ ಕೊಡಿ. ತವರ ಬಳಿದ ತಾಮ್ರವಾದರೆ ಕೆರೆದಾಗ ಒಳಗೆ ಕೆಂಪಗಿರುತ್ತದೆ, ಅದನ್ನು ಧೈರ್ಯವಾಗಿ ತನ್ನಿ.