ಸೀನು ಬಂದರೆ ಕಾಲು ಕತ್ತರಿ: ಪೆಲ್ವಿಕ್ ಫ್ಲೋರ್ ಸಾಧನ ಹುಡುಕಿದ ನನ್ನ ಅನುಭವ

ನಮ್ಮದು ಬದಿಯಡ್ಕದ ಹತ್ತಿರ ಅಡಕೆ ತೋಟದ ಮನೆ. ಅಡಕೆ ಸುಲಿಯಲು ಕೂತರೆ ಧೂಳಿಗೆ ಸೀನು ಬಂದೇ ಬರುತ್ತದೆ. ಎರಡನೇ ಹೆರಿಗೆ ಆದ ಮೇಲೆ, ಸೀನು ಬರುತ್ತದೆ ಅಂತ ಗೊತ್ತಾದ ಕೂಡಲೇ ಕಾಲಿನ ಮೇಲೆ ಕಾಲು ಹಾಕಿ ಬಿಗಿಹಿಡಿಯುವುದು ನನಗೆ ಅಭ್ಯಾಸವೇ ಆಗಿಹೋಗಿತ್ತು. ಆದರೂ ಎರಡು ಹನಿ ಮೂತ್ರ ಹೋಗಿಬಿಡುತ್ತಿತ್ತು. ಅತ್ತೆಗೆ ಹೇಳಿದರೆ "ಹೆತ್ತವರಿಗೆಲ್ಲ ಹಾಗೇ" ಅಂದರು. ಏಳು ವರ್ಷ ನಾನೂ ಹಾಗೇ ಅಂದುಕೊಂಡೆ. ಬಸ್ಸಲ್ಲಿ ಕಾಸರಗೋಡಿಗೆ ಹೋಗಲಿಕ್ಕಿದ್ದರೆ ಬೆಳಿಗ್ಗೆ ಚಹಾ ಕುಡಿಯುತ್ತಿರಲಿಲ್ಲ, ಅಷ್ಟೇ.

ಕೊನೆಗೆ ಮೊಬೈಲಲ್ಲಿ ನೋಡಿ ಒಂದು ಸಾಧನ ತರಿಸಿದೆ. ತೊಡೆಗಳ ನಡುವೆ ಇಟ್ಟು ಒತ್ತುವ ಸ್ಪ್ರಿಂಗಿನದ್ದು. ಒಂದು ತಿಂಗಳು ಒತ್ತಿದೆ. ತೊಡೆ ಗಟ್ಟಿಯಾಯಿತು, ಸೀನಿನ ಕತೆ ಮೊದಲಿನ ಹಾಗೇ. ಆಗಲೇಬೇಕಲ್ಲ, ಅದು ಕೆಲಸ ಕೊಡುವುದು ಒಳತೊಡೆಗೆ. ನಮಗೆ ಬೇಕಾದ ಸ್ನಾಯು, ಅಂದರೆ ಪೆಲ್ವಿಕ್ ಫ್ಲೋರ್, ಮುಂದಿನ ಮೂಳೆಯಿಂದ ಹಿಂದೆ ಬೆನ್ನುಮೂಳೆಯ ತುದಿಯವರೆಗೆ ಜೋಲಿಯ ಹಾಗೆ ಹರಡಿಕೊಂಡಿದೆ, ಮೂತ್ರಕೋಶ, ಗರ್ಭಕೋಶ, ಕರುಳಿನ ತುದಿ ಎಲ್ಲವನ್ನೂ ಅದೇ ಹೊತ್ತುಕೊಂಡಿರುವುದು. ತೊಡೆ ಒತ್ತಿದರೆ ಜೋಲಿ ಮೇಲೇಳುವುದಿಲ್ಲ.

ಎರಡನೇ ಸಲ ತರಿಸಿದ್ದು ತೂಕದ ಕೋನ್‌ಗಳ ಸೆಟ್. ಚಿಕ್ಕದು 20 ಗ್ರಾಂ, ದೊಡ್ಡದು 70. ಯೋನಿಯ ಒಳಗಿಟ್ಟುಕೊಂಡು ಸ್ವಲ್ಪ ಹೊತ್ತು ನಡೆದಾಡಬೇಕು, ಜಾರದ ಹಾಗೆ ಸ್ನಾಯು ಹಿಡಿದುಕೊಳ್ಳುತ್ತದೆ ಅನ್ನುವುದು ಲೆಕ್ಕಾಚಾರ. ಬಚ್ಚಲಲ್ಲಿ ಎದ್ದು ನಿಂತದ್ದಷ್ಟೇ, 20 ಗ್ರಾಂನದ್ದೇ ಟಪ್ ಅಂತ ನೆಲಕ್ಕೆ ಬಿತ್ತು. ಹೊರಗಿಂದ ಅತ್ತೆ, "ಎಂತ ಬಿದ್ದದ್ದು?" "ಸೋಪು" ಅಂದೆ.

ಆಮೇಲೆ ಬುದ್ಧಿ ಬಂದು ಮಂಗಳೂರಿನಲ್ಲಿ ಒಬ್ಬರು ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ಗ್ಲೌಸ್ ಹಾಕಿ ಒಂದು ಬೆರಳಿಟ್ಟು ನೋಡಿ ಹೇಳಿದ್ದು ಇಷ್ಟು: "ಅಕ್ಕಾ, ನೀವು ಮೇಲಕ್ಕೆ ಎಳೆಯುತ್ತಾ ಇಲ್ಲ, ಕೆಳಗೆ ದೂಡ್ತಾ ಇದ್ದೀರಿ." ತುಂಬಾ ಜನ ಮಾಡುವ ತಪ್ಪಂತೆ. ಎಂಥ ಸಾಧನ ತಂದಿದ್ದರೂ ನಾನು ಅದರ ಜೊತೆ ಜೋಲಿಯನ್ನು ಇನ್ನಷ್ಟು ಜಗ್ಗಿಸುತ್ತಿದ್ದೆ ಅಂತಾಯಿತು!

ಮೂತ್ರ, ಗ್ಯಾಸ್ ಎರಡನ್ನೂ ಒಟ್ಟಿಗೆ ತಡೆಯುವ ಹಾಗೆ ಒಳಕ್ಕೆ ಮೇಲಕ್ಕೆ ಎಳೆಯಬೇಕು. ಉಸಿರು ಹಿಡಿಯಬಾರದು, ಕುಂಡೆ, ತೊಡೆ ಸುಮ್ಮನಿರಬೇಕು. ಐದು ಸೆಕೆಂಡ್ ಹಿಡಿದು ಐದು ಸೆಕೆಂಡ್ ಪೂರ್ತಿ ಬಿಡುವುದು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬಿಡುವುದೂ ಹಿಡಿದಷ್ಟೇ ಮುಖ್ಯ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ವ್ಯಾಯಾಮ ಮಾಡುವವರಿದ್ದಾರೆ, ಅದು ಬೇಡ ಅಂದರು. ಮೂರು ತಿಂಗಳು ಬಿಡದೆ ಮಾಡಿದ ಮೇಲೆ ಮಾತಾಡಿ ಅಂದರು.

ಹಾಗಾದರೆ ಸಾಧನ ಯಾಕೆ? ಸರಿಯಾಗಿ ಮಾಡುತ್ತಿದ್ದೇನೋ ಇಲ್ಲವೋ ತಿಳಿಯಲಿಕ್ಕೆ. ಈ ವ್ಯಾಯಾಮಕ್ಕೆ ಹೆಸರು ಬಂದದ್ದು ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೀಗೆಲ್ ಅವರಿಂದ. 1948ರಲ್ಲಿ ಇದರ ಬಗ್ಗೆ ಬರೆದಾಗಲೇ ಅವರ ಕೈಯಲ್ಲಿ ಒತ್ತಡ ತೋರಿಸುವ ಒಂದು ಮೀಟರ್ ಇತ್ತು. ನಾನು ಕೊನೆಗೆ ಆರಿಸಿದ್ದೂ ಆ ಜಾತಿಯದ್ದೇ. ಒಳಗಿಡಲು ಗಾಳಿ ತುಂಬುವ ಸಣ್ಣ ಸಿಲಿಕೋನ್ ಕೊಳವೆ, ಒತ್ತಡ ತೋರಿಸಲು ಒಂದು ಮುಳ್ಳು. ಮೊಬೈಲಿಗೆ ಜೋಡಿಸುವುದು ಚಂದ ಇತ್ತು, ಆದರೆ ನನ್ನ ಮೊಬೈಲ್ ಅರ್ಧ ದಿನ ಮಗನ ಕೈಯಲ್ಲಿ, "ವ್ಯಾಯಾಮದ ಸಮಯವಾಯಿತು" ಅಂತ ಅದು ಕೂಗಿದರೆ ಅವನಿಗೆ ಯಾರು ಉತ್ತರ ಕೊಡುವುದು? ಸಣ್ಣ ಕರೆಂಟ್ ಕೊಟ್ಟು ಸ್ನಾಯು ತಾನಾಗಿ ಬಿಗಿಯುವ ಹಾಗೆ ಮಾಡುವುದೂ ಇದೆ. ಸ್ವಂತ ಬಲದಿಂದ ಹಿಡಿಯಲು ಬರುವವರಿಗೆ ಅದರ ಅಗತ್ಯ ಇಲ್ಲ, ಬಸುರಿಯರು, ಪೇಸ್‌ಮೇಕರ್ ಇರುವವರು ಮುಟ್ಟಲೇಬಾರದು.

ಮೀಟರಿನದ್ದೊಂದು ಕಳ್ಳಾಟ ಇದೆ, ಇದನ್ನು ಹೇಳಲೇಬೇಕು. ಕೆಳಗೆ ದೂಡಿದರೂ ಮುಳ್ಳು ಏರುತ್ತದೆ! ಮೊದಲ ವಾರ ಮುಳ್ಳು ನೋಡಿ ಖುಷಿಪಟ್ಟು ಮೋಸಹೋದೆ. ಈಗ ಮಲಗಿ, ಕೈಗನ್ನಡಿ ಹಿಡಿದು ಕೊಳವೆಯನ್ನೇ ನೋಡುತ್ತೇನೆ. ಎಳೆದಾಗ ಅದು ಒಂಚೂರು ಒಳಗೆ ಹೋಗಬೇಕು. ಹೊರಗೆ ಬಂತು ಅಂದರೆ ಮುಳ್ಳು ಎಷ್ಟು ತೋರಿಸಿದರೂ ಲೆಕ್ಕಕ್ಕಿಲ್ಲ.

ಕೊಳ್ಳುವಾಗ ನೋಡಿದ್ದು ಮುಖ್ಯವಾಗಿ ಎರಡು, ಮೆಡಿಕಲ್ ಸಿಲಿಕೋನ್ ಹೌದಾ, ಸಂದಿ ಮೂಲೆ ಇಲ್ಲದೆ ಪೂರ್ತಿ ತೊಳೆಯಲು ಆಗುತ್ತದಾ ಅಂತ. ಒಳಗಿಡಲು ಕಲ್ಲಿನ ಮೊಟ್ಟೆ ಅಂತಲೂ ಮಾರುತ್ತಾರೆ, ಸಣ್ಣ ರಂಧ್ರಗಳಲ್ಲಿ ಕೊಳೆ ಕೂತರೆ ಏನು ಮಾಡುತ್ತೀರಿ? ಜಾರಲು ನೀರಿನಂಶದ ಜೆಲ್ ಮಾತ್ರ, ತೆಂಗಿನೆಣ್ಣೆ ಬೇಡ. ನಮ್ಮ ಊರಿನಲ್ಲಿ ಎಲ್ಲದಕ್ಕೂ ಅದೇ ಅಲ್ವಾ, ಅದಕ್ಕೇ ಹೇಳಿದೆ.

ಎರಡೂವರೆ ತಿಂಗಳಾದ ಮೇಲೆ ಒಂದು ದಿನ ಅಡಕೆ ರಾಶಿಯ ಮುಂದೆ ಸೀನು ಬಂತು. ಕಾಲು ಮಡಚಲಿಲ್ಲ, ಸೀನುವ ಮೊದಲೇ ಒಳಗೆ ಎಳೆದುಕೊಂಡೆ. ಹನಿ ಇಲ್ಲ. ಮಳೆಗಾಲದ ಕೆಮ್ಮು ಹಿಡಿದರೆ ಈಗಲೂ ಒಮ್ಮೊಮ್ಮೆ ತಪ್ಪುತ್ತದೆ.

ಮೊನ್ನೆ ನಾದಿನಿ ಬಂದವಳು ಗುಟ್ಟಾಗಿ ಕೇಳಿದಳು, "ಅತ್ತಿಗೆ, ಆ ಕೋನ್ ಸುಮ್ನೆ ಇದೆಯಲ್ಲ, ನನಗೆ ಕೊಡಿ." ಅವಳಿಗೆ ಹೆರಿಗೆಯಾಗಿ ಒಂದು ತಿಂಗಳೂ ಆಗಿಲ್ಲ. ಈಗಲೇ ಒಳಗೆ ಏನೂ ಇಡುವ ಹಾಗಿಲ್ಲ, ಆರು ವಾರದ ತಪಾಸಣೆಯಲ್ಲಿ ಡಾಕ್ಟರ್ ಹೂಂ ಅನ್ನಲಿ ಅಂದೆ. ನೋವಿದ್ದರೆ ಅದನ್ನೂ ಹೇಳು, ಕೆಲವರಿಗೆ ಆ ಸ್ನಾಯು ಸಡಿಲ ಅಲ್ಲ, ಜಾಸ್ತಿ ಬಿಗಿ ಇರುತ್ತದೆ, ಅಂಥವರು ಮೊದಲು ಬಿಡುವುದನ್ನು ಕಲಿಯಬೇಕು. ಮತ್ತೆ ಇದು ಸೀರೆ ಅಲ್ಲ ಮಾರಾಯ್ತಿ, ಒಬ್ಬರದ್ದು ಇನ್ನೊಬ್ಬರು ಹಾಕಿಕೊಳ್ಳಲಿಕ್ಕೆ.